ಫ್ರೀಡ್ಲ್ ಟೀಚರ್ ಮಾಡಿದ ಡ್ರಾಯಿಂಗ್ ಪಾಠ

(ಚಿತ್ರಕಲಾ ಶಿಕ್ಷಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಒಬ್ಬರು ಡ್ರಾಯಿಂಗ್ ಟೀಚರ್ ಬಗ್ಗೆ ಮಾತಾಡುತ್ತೇನೆ. ಅವರ ಹೆಸರು ಫ್ರೀಡ್ಲ್ ಡಿಕರ್-ಬ್ರಾಂಡೈಸ್. 1898ರ ಜುಲೈ 30ರಂದು ವಿಯೆನ್ನಾದ ಒಂದು ಬಡ ಯಹೂದಿ ಮನೆಯಲ್ಲಿ ಹುಟ್ಟಿದವರು. 1944ರ ಅಕ್ಟೋಬರ್‌ನಲ್ಲಿ ನಾಜಿಗಳು ಅವರನ್ನು ಆಶ್ವಿಟ್ಜ್-ಬಿರ್ಕೆನೌ ಶಿಬಿರದಲ್ಲಿ ಕೊಂದರು. ಆಗ ಅವರಿಗೆ 46 ವರ್ಷ.

ಆಶ್ವಿಟ್ಜ್ ಅಂದ ಕೂಡಲೇ ನಿಮ್ಮ ಮುಖಗಳೆಲ್ಲ ಬಿಗಿಯಾದವು. ಸಹಜ. ಆದರೆ ನನ್ನ ತಕರಾರು ಶುರುವಾಗುವುದೇ ಅಲ್ಲಿಂದ. ಫ್ರೀಡ್ಲ್ ಬಗ್ಗೆ ಮಾತಾಡುವವರು ಹೆಚ್ಚಾಗಿ ಅವರ ಸಾವಿನಿಂದಲೇ ಶುರು ಮಾಡುತ್ತಾರೆ. ಆಮೇಲೆ ಚಿಟ್ಟೆ, ಹೂವು, ಆಸೆಯ ಕಿರಣ ಅಂತೆಲ್ಲ ಬರುತ್ತದೆ. ಕೇಳುವವರ ಕಣ್ಣು ಒದ್ದೆಯಾಗುತ್ತದೆ, ಸಭೆ ಮುಗಿಯುತ್ತದೆ. ಅವರು ಕ್ಲಾಸಿನಲ್ಲಿ ಏನು ಮಾಡುತ್ತಿದ್ದರು, ಯಾಕೆ ಹಾಗೆ ಮಾಡುತ್ತಿದ್ದರು ಅನ್ನುವ ಮಾತೇ ಬರುವುದಿಲ್ಲ. ನಾವಿಲ್ಲಿ ಕೂತಿರುವವರೆಲ್ಲ ದಿನಾ ಮಕ್ಕಳ ಮುಂದೆ ನಿಲ್ಲುವವರು. ನಮಗೆ ಆ ಪಾಠವೇ ಮುಖ್ಯ ಅಲ್ವಾ? ಅವರು ಒಳ್ಳೆಯ ಟೀಚರ್ ಆಗಿದ್ದರು. ಆಶ್ವಿಟ್ಜ್‌ಗೆ ಮುಂಚೆ ಅವರನ್ನು ಕೂಡಿಹಾಕಿದ್ದ ತೆರೆಜಿನ್ ಶಿಬಿರಕ್ಕೆ ಹೋಗುವ ಮೊದಲೂ ಆಗಿದ್ದರು, ಹೋದ ಮೇಲೂ ಆಗಿದ್ದರು. ನಾನು ಹೇಳಬೇಕಾಗಿರುವುದು ಇಷ್ಟೇ. ಉಳಿದದ್ದು ಇದರ ವಿವರ.

ಅವರು ಬಹಳ ಚಿಕ್ಕವರಿದ್ದಾಗಲೇ ತಾಯಿ ತೀರಿಹೋದರು. ಬೆಳೆಸಿದ್ದು ತಂದೆ. ಅವರು ಕಾಗದ, ಪೆನ್ಸಿಲ್, ಬಣ್ಣ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದರು. ದುಡ್ಡಿಗೆ ಬಡತನ, ಕಾಗದಕ್ಕೆ ಬಡತನವಿಲ್ಲ. ಹುಡುಗಿ ಮೊದಲು ಫೋಟೋಗ್ರಫಿ ಕಲಿತಳು. ಆಮೇಲೆ ವಿಯೆನ್ನಾದ ಕರಕುಶಲ ಕಲಾಶಾಲೆಯಲ್ಲಿ ಬಟ್ಟೆಯ ವಿಭಾಗ. ಅಲ್ಲಿ ಫ್ರಾಂಜ್ ಚಿಜೆಕ್ ಅಂತ ಒಬ್ಬ ಮೇಷ್ಟ್ರು. ಮಕ್ಕಳು ಬಿಡಿಸುವ ಚಿತ್ರ ದೊಡ್ಡವರ ಚಿತ್ರದ ಅರೆಬೆಂದ ರೂಪ ಅಲ್ಲ, ಅದು ಅದರ ಪಾಡಿಗೆ ಪೂರ್ತಿ ಕಲೆ ಅಂತ ಯುರೋಪಿನಲ್ಲಿ ಮೊದಮೊದಲು ಹೇಳಿದವರಲ್ಲಿ ಅವರೂ ಒಬ್ಬರು. ಈ ಮಾತು ಫ್ರೀಡ್ಲ್ ಕಿವಿಗೆ ಹದಿಹರೆಯದಲ್ಲೇ ಬಿದ್ದಿತ್ತು.

1916ರಲ್ಲಿ ಇನ್ನೊಬ್ಬ ಮೇಷ್ಟ್ರು ಸಿಕ್ಕರು. ಯೊಹಾನೆಸ್ ಇಟ್ಟೆನ್. ಸ್ವಿಟ್ಜರ್ಲೆಂಡಿನವರು, ಆಗ ವಿಯೆನ್ನಾದಲ್ಲಿ ಸ್ವಂತ ಶಾಲೆ ನಡೆಸುತ್ತಿದ್ದರು. 1919ರಲ್ಲಿ ಜರ್ಮನಿಯ ವೈಮಾರ್ ಊರಿನಲ್ಲಿ ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್ 'ಬೌಹೌಸ್' ಅನ್ನುವ ಕಲೆ-ವಿನ್ಯಾಸದ ಶಾಲೆ ತೆರೆದರು. ಅಲ್ಲಿ ಪಾಠ ಮಾಡಲು ಇಟ್ಟೆನ್ ಹೊರಟಾಗ ಶಿಷ್ಯರ ಒಂದು ಗುಂಪೂ ಗಂಟುಮೂಟೆ ಕಟ್ಟಿಕೊಂಡು ಹಿಂದೆಯೇ ಹೊರಟಿತು. ಫ್ರೀಡ್ಲ್ ಆ ಗುಂಪಿನಲ್ಲಿದ್ದರು. 1923ರವರೆಗೆ ಅಲ್ಲಿದ್ದರು.

ಇಟ್ಟೆನ್ ವಿಚಿತ್ರ ಮನುಷ್ಯ. ತಲೆ ಬೋಳಿಸಿ, ಸನ್ಯಾಸಿಗಳ ಹಾಗೆ ನಿಲುವಂಗಿ ಹಾಕಿ ಓಡಾಡುತ್ತಿದ್ದರು. ಮಜ್ದಾಜ್ನಾನ್ ಅನ್ನುವ ಒಂದು ಪಂಥಕ್ಕೆ ಸೇರಿದ್ದರು. ಉಪವಾಸ, ಉಸಿರಾಟದ ಅಭ್ಯಾಸ, ಸಸ್ಯಾಹಾರ. ಅವರ ಪ್ರಭಾವದಿಂದ ಬೌಹೌಸ್ ಕ್ಯಾಂಟೀನಿನಲ್ಲೂ ಸಸ್ಯಾಹಾರವೇ ನಡೆಯಿತು, ಅದೂ ಬೆಳ್ಳುಳ್ಳಿ ಜಾಸ್ತಿ ಹಾಕಿದ ಅಡುಗೆ. ಶಾಲೆಯಲ್ಲಿ ಕಲಿತವರ ನೆನಪುಗಳಲ್ಲಿ ಈ ಬೆಳ್ಳುಳ್ಳಿ ವಾಸನೆ ತಪ್ಪದೆ ಬರುತ್ತದೆ.

ನಗಬೇಡಿ, ಪಾಠ ಮಾತ್ರ ಗಟ್ಟಿ. ಬೆಳಿಗ್ಗೆ ಕ್ಲಾಸಿಗೆ ಬಂದವರು ಮೊದಲು ಮೈ ಸಡಿಲ ಮಾಡಬೇಕು, ಉಸಿರಾಟ ಸರಿಮಾಡಿಕೊಳ್ಳಬೇಕು. ಆಮೇಲೆ ಇದ್ದಿಲು ಹಿಡಿಯಬೇಕು. ಬೆಳಕು-ಕತ್ತಲು, ಒರಟು-ನಯ, ದೊಡ್ಡದು-ಚಿಕ್ಕದು, ಹೀಗೆ ಎದುರುಬದುರು ಇಟ್ಟು ನೋಡುವುದನ್ನು ಕಲಿಸುತ್ತಿದ್ದರು. ಮರ, ಗಾಜು, ಗರಿ, ಬಟ್ಟೆಯನ್ನು ಕಣ್ಣು ಮುಚ್ಚಿ ಮುಟ್ಟಿ, ಆ ಸ್ಪರ್ಶವನ್ನು ಗೆರೆಯಲ್ಲಿ ತರಬೇಕಿತ್ತು.

ಇಟ್ಟೆನ್ ತಾವೇ ಬರೆದಿರುವ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಒಂದು ದಿನ ಕ್ಲಾಸಿನಲ್ಲಿ ಹಸಿರು ಪುಸ್ತಕದ ಮೇಲೆ ಎರಡು ನಿಂಬೆಹಣ್ಣು ಇಟ್ಟು ಬಿಡಿಸಿ ಅಂದರು. ಇದೇನು ದೊಡ್ಡ ವಿಷಯ ಅಂತ ವಿದ್ಯಾರ್ಥಿಗಳು ಎರಡು ಗುಂಡು, ಒಂದು ಚೌಕ ಎಳೆದು ಕೆಲವೇ ನಿಮಿಷದಲ್ಲಿ ಮುಗಿಸಿದರು. ಇಟ್ಟೆನ್ ಏನೂ ಹೇಳಲಿಲ್ಲ. ನಿಂಬೆಹಣ್ಣನ್ನು ಹೆಚ್ಚಿ ಎಲ್ಲರಿಗೂ ಒಂದೊಂದು ಹೋಳು ಕೊಟ್ಟರು, ತಿನ್ನಿಸಿದರು. 'ಈಗ ಹೇಳಿ, ನಿಮ್ಮ ಚಿತ್ರದಲ್ಲಿ ನಿಂಬೆಹಣ್ಣು ಇದೆಯಾ?' ಅಂತ ಕೇಳಿದರು. ಎಲ್ಲರೂ ಮುಖ ಹುಳ್ಳಗೆ ಮಾಡಿಕೊಂಡು ಮತ್ತೆ ಬಿಡಿಸಲು ಕೂತರು. ನಮ್ಮ ಲೋಯರ್ ಗ್ರೇಡ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವಾಗ ಜಗ್ಗು, ಮಗ್ಗು, ಪಕ್ಕದಲ್ಲಿ ಎರಡು ಟೊಮೆಟೊ ಇಡುತ್ತೇವಲ್ಲ, ಆಗೆಲ್ಲ ನನಗೆ ಈ ನಿಂಬೆಹಣ್ಣು ನೆನಪಾಗುತ್ತದೆ.

ಒಂದು ಪಕ್ಕದ ಮಾತು. 1922ರ ಡಿಸೆಂಬರ್‌ನಲ್ಲಿ ಕಲ್ಕತ್ತಾದಲ್ಲಿ ಬೌಹೌಸ್ ಕಲಾವಿದರ ಪ್ರದರ್ಶನ ನಡೆಯಿತು. ಕ್ಲೀ, ಕಾಂಡಿನ್ಸ್ಕಿ ಜೊತೆಗೆ ಈ ಇಟ್ಟೆನ್ ಅವರ ಕೃತಿಗಳೂ ಬಂದಿದ್ದವು. ಪ್ರದರ್ಶನ ನಡೆಸಿದ್ದು ಇಂಡಿಯನ್ ಸೊಸೈಟಿ ಆಫ್ ಓರಿಯೆಂಟಲ್ ಆರ್ಟ್. ನಮ್ಮ ಕೆ. ವೆಂಕಟಪ್ಪನವರ ಗುರುಗಳಾದ ಅವನೀಂದ್ರನಾಥ ಟ್ಯಾಗೋರರು ಮತ್ತು ಅವರ ಅಣ್ಣ ಕಟ್ಟಿದ ಸಂಸ್ಥೆ. ಅಲ್ಲಿ ಫ್ರೀಡ್ಲ್ ಇನ್ನೂ ವೈಮಾರ್‌ನಲ್ಲಿ ಕಲಿಯುತ್ತಿದ್ದಾಗಲೇ ಅವರ ಗುರುವಿನ ಚಿತ್ರಗಳು ಇಲ್ಲಿ ಕಲ್ಕತ್ತಾದ ಗೋಡೆಯ ಮೇಲಿದ್ದವು. ನಾವು ದೂರ ಅಂದುಕೊಂಡಿದ್ದು ಅಷ್ಟೇನೂ ದೂರ ಅಲ್ಲ.

ಬೌಹೌಸ್ ಬಿಟ್ಟ ಮೇಲೆ ಫ್ರೀಡ್ಲ್ ವಿಯೆನ್ನಾಕ್ಕೆ ಬಂದು ಗೆಳೆಯ ಫ್ರಾಂಜ್ ಸಿಂಗರ್ ಜೊತೆ ವಿನ್ಯಾಸದ ಸ್ಟುಡಿಯೋ ನಡೆಸಿದರು. ಮನೆಗಳ ಒಳಾಂಗಣ, ಮಡಚಿಡುವ ಮಂಚ, ಒಂದರ ಮೇಲೊಂದು ಪೇರಿಸುವ ಕುರ್ಚಿ. ನಗರದ ಒಂದು ಮಾಂಟೆಸ್ಸರಿ ಶಿಶುವಿಹಾರಕ್ಕೂ ಪೀಠೋಪಕರಣ ಮಾಡಿದರು. ಈ ಕೆಲಸದ ಬಗ್ಗೆಯೇ ಒಂದು ಗಂಟೆ ಮಾತಾಡಬಹುದು, ಇವತ್ತು ಬಿಡೋಣ. ನಮಗೆ ಬೇಕಾದ ವಿಷಯ ಅಂದರೆ, 1931ರ ಹೊತ್ತಿಗೆ ಅವರು ಶಿಶುವಿಹಾರದ ಟೀಚರ್‌ಗಳಿಗೆ ಚಿತ್ರಕಲೆ ಕಲಿಸಲು ಶುರು ಮಾಡಿದ್ದರು.

1934ರಲ್ಲಿ ಆಸ್ಟ್ರಿಯಾದ ರಾಜಕೀಯ ಕೆಟ್ಟಿತು. ಫ್ರೀಡ್ಲ್ ಕಮ್ಯುನಿಸ್ಟರ ಜೊತೆಗಿದ್ದವರು. ಅವರನ್ನು ಬಂಧಿಸಿ ವಿಚಾರಣೆ ಮಾಡಿದರು. ಆ ವಿಚಾರಣೆಯನ್ನು ಆಮೇಲೆ ಅವರು ಚಿತ್ರವಾಗಿ ಬಿಡಿಸಿದ್ದಾರೆ. ಬಿಡುಗಡೆಯಾದ ಮೇಲೆ ಚೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್‌ಗೆ ಹೋದರು. ಅಲ್ಲಿ ಜರ್ಮನಿ, ಆಸ್ಟ್ರಿಯಾಗಳಿಂದ ಓಡಿಬಂದವರ ಮಕ್ಕಳಿದ್ದರು. ಮನೆ, ಊರು, ಶಾಲೆ ಎಲ್ಲ ಬಿಟ್ಟು ಬಂದ ಮಕ್ಕಳು. ಅವರಿಗೆ ಚಿತ್ರ ಕಲಿಸತೊಡಗಿದರು. ವಿಯೆನ್ನಾದಲ್ಲಿ ಅವರ ಶಿಷ್ಯೆಯಾಗಿದ್ದ ಈಡಿತ್ ಕ್ರಾಮರ್ ಅನ್ನುವ ಹದಿನೆಂಟರ ಹುಡುಗಿ ಟೀಚರ್ ಹಿಂದೆಯೇ ಪ್ರಾಗ್‌ಗೆ ಬಂದಿದ್ದಳು. ಆ ಮಕ್ಕಳ ಕ್ಲಾಸಿನಲ್ಲಿ ಟೀಚರಿಗೆ ಸಹಾಯ ಮಾಡುತ್ತಿದ್ದಳು. ಇಟ್ಟೆನ್ ಹಿಂದೆ ಫ್ರೀಡ್ಲ್, ಫ್ರೀಡ್ಲ್ ಹಿಂದೆ ಈಡಿತ್. ಈ ಈಡಿತ್ ಹೆಸರು ನೆನಪಿಟ್ಟುಕೊಳ್ಳಿ.

1936ರಲ್ಲಿ ಫ್ರೀಡ್ಲ್ ತಮ್ಮ ಸಂಬಂಧಿಯೇ ಆದ ಪಾವೆಲ್ ಬ್ರಾಂಡೈಸ್ ಅವರನ್ನು ಮದುವೆಯಾದರು. 1938ರಲ್ಲಿ ಇಬ್ಬರೂ ಪ್ರಾಗ್ ಬಿಟ್ಟು ಹ್ರೊನೊವ್ ಅನ್ನುವ ಸಣ್ಣ ಊರಿಗೆ ಹೋದರು. ಗೆಳೆಯರೆಲ್ಲ ದೇಶ ಬಿಡಿ ಅಂತ ಒತ್ತಾಯಿಸುತ್ತಿದ್ದ ಕಾಲ. ಫ್ರೀಡ್ಲ್‌ಗೆ ಪ್ಯಾಲೆಸ್ಟೈನ್‌ಗೆ ಹೋಗುವ ವೀಸಾ ಸಿಕ್ಕಿತ್ತು. ಪಾವೆಲ್‌ಗೆ ಸಿಗಲಿಲ್ಲ. ಹಾಗಾಗಿ ಫ್ರೀಡ್ಲ್ ಹೋಗಲಿಲ್ಲ. ಹ್ರೊನೊವ್‌ನಲ್ಲಿ ಬಟ್ಟೆಗೆ ವಿನ್ಯಾಸ ಮಾಡುತ್ತಾ, ಕಿಟಕಿಯಿಂದ ಕಾಣುವುದನ್ನು, ಹೂವನ್ನು, ಮನುಷ್ಯರ ಮುಖವನ್ನು ಬಿಡಿಸುತ್ತಾ ಇದ್ದರು.

1942ರ ಡಿಸೆಂಬರ್‌ನಲ್ಲಿ ಗಂಡ-ಹೆಂಡತಿಗೆ ನಾಜಿಗಳಿಂದ ಕರೆ ಬಂತು. ಹೋಗಬೇಕಾದ ಜಾಗ ತೆರೆಜಿನ್.

ತೆರೆಜಿನ್ ಪ್ರಾಗ್‌ನಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರ್. ಹದಿನೆಂಟನೇ ಶತಮಾನದ ಕೊನೆಯಲ್ಲಿ ಕಟ್ಟಿದ ಕೋಟೆಯ ಊರು. ಯುದ್ಧಕ್ಕೆ ಮೊದಲು ಅಲ್ಲಿ ಸೈನಿಕರೂ ಸೇರಿ ಏಳು ಸಾವಿರದಷ್ಟು ಜನ. ನಾಜಿಗಳು ಊರನ್ನೇ ಖಾಲಿ ಮಾಡಿಸಿ ಯಹೂದಿಗಳನ್ನು ಕೂಡಿಹಾಕುವ ಜಾಗ ಮಾಡಿದರು. 1942ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಸುಮಾರು 58,000 ಜನರಿದ್ದರು. ಹಸಿವು, ಹೇನು, ಟೈಫಸ್. ಇದ್ದಕ್ಕಿದ್ದಂತೆ ಪಟ್ಟಿ ಬರುತ್ತಿತ್ತು. ಹೆಸರಿದ್ದವರು ಪೂರ್ವಕ್ಕೆ ಹೋಗುವ ರೈಲು ಹತ್ತಬೇಕು. ಎಲ್ಲಿಗೆ ಅಂತ ಯಾರೂ ಹೇಳುತ್ತಿರಲಿಲ್ಲ.

ಅಲ್ಲಿಗೆ ಹೋಗುವವರು 50 ಕಿಲೋ ಸಾಮಾನು ಒಯ್ಯಬಹುದಿತ್ತು. ಫ್ರೀಡ್ಲ್ ತಮ್ಮ ಪಾಲಿನಲ್ಲಿ ಚಿತ್ರದ ಸಾಮಾನು ತುಂಬಿಕೊಂಡರು.

ಆ ಊರಿನೊಳಗೆ ಮಕ್ಕಳಿಗೆಂದೇ ಬೇರೆ ಮನೆಗಳಿದ್ದವು. ಕೈದಿಗಳಾಗಿದ್ದ ಯಹೂದಿ ಹಿರಿಯರೇ ಅವುಗಳನ್ನು ನೋಡಿಕೊಳ್ಳುತ್ತಿದ್ದರು. ಹೆಣ್ಣುಮಕ್ಕಳ ಮನೆಗೆ 'ಎಲ್ 410' ಅಂತ ಹೆಸರು. ಹೆಸರೇನು, ನಂಬರ್. ಫ್ರೀಡ್ಲ್ ಅಲ್ಲೇ ಒಂದು ಪುಟ್ಟ ಕೋಣೆಯಲ್ಲಿ ಉಳಿದುಕೊಂಡು ಪಾಠ ಶುರು ಮಾಡಿದರು. ಮಕ್ಕಳಿಗೆ ಶಾಲೆಯ ಪಾಠ ಹೇಳಿಕೊಡುವುದನ್ನು ನಾಜಿಗಳು ನಿಷೇಧಿಸಿದ್ದರು. ಗಣಿತ, ಚರಿತ್ರೆ ಎಲ್ಲ ಕದ್ದು ಮಾಡಬೇಕು, ಬಾಗಿಲಲ್ಲಿ ಒಬ್ಬರು ಕಾವಲು ನಿಲ್ಲಬೇಕು. ಹಾಡು, ಕೈಕೆಲಸ, ಚಿತ್ರಕ್ಕೆ ಮಾತ್ರ ಅಡ್ಡಿ ಇರಲಿಲ್ಲ. ಅದು ಪಾಠವೇ ಅಲ್ಲ, ಸುಮ್ನೆ ಹೊತ್ತು ಕಳೆಯುವುದು ಅಂತ ಅವರ ಲೆಕ್ಕ. ಡ್ರಾಯಿಂಗ್ ಅಂದರೆ ಪಾಠವಲ್ಲ ಅನ್ನುವವರು ಎಲ್ಲ ಕಾಲದಲ್ಲೂ ಇರುತ್ತಾರೆ, ಬಿಡಿ.

ಈಗ ಆ ಕ್ಲಾಸಿನ ಒಳಗೆ ಹೋಗೋಣ.

ಮಕ್ಕಳು ಹೆಚ್ಚಾಗಿ ಹತ್ತರಿಂದ ಹದಿನಾರು ವರ್ಷದವರು. ಕಿಕ್ಕಿರಿದ ಕೋಣೆ, ಮೂರು ಅಂತಸ್ತಿನ ಮಂಚಗಳು. ಅಪ್ಪ-ಅಮ್ಮ ಬೇರೆ ಕಡೆ. ಹೊಟ್ಟೆ ತುಂಬಿಲ್ಲ. ಇಂಥ ಮಕ್ಕಳನ್ನು ಕೂರಿಸಿ 'ಒಂದು ಹೂವು ಬಿಡಿಸಿ' ಅಂದರೆ ಏನಾಗುತ್ತದೆ? ಫ್ರೀಡ್ಲ್ ಹಾಗೆ ಶುರು ಮಾಡುತ್ತಿರಲಿಲ್ಲ. ಮೊದಲು ತಾಳ. ಅವರು ಮೇಜಿನ ಮೇಲೆ ತಟ್ಟುತ್ತಿದ್ದರು, ಮಕ್ಕಳು ಆ ತಾಳವನ್ನು ಕಾಗದದ ಮೇಲೆ ಗೆರೆಯಾಗಿ ಇಳಿಸಬೇಕು. ನಿಧಾನಕ್ಕೆ ತಟ್ಟಿದರೆ ಉದ್ದ ಬೀಸಿನ ಗೆರೆ, ಜೋರಾದರೆ ಚಿಕ್ಕ ಚಿಕ್ಕ ಗೀಟು. ಆ ಹಾಳೆಗಳು ಈಗಲೂ ಇವೆ. ಅಲೆ ಅಲೆಯಾಗಿ, ಸುರುಳಿ ಸುರುಳಿಯಾಗಿ ಹೋದ ಗೆರೆಗಳು. ನೋಡುವವರಿಗೆ ಮಗು ಗೀಚಿದ ಹಾಗೆ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಕೈ ಎಲ್ಲಿ ಬಿಗಿಯಾಗಿದೆ, ಎಲ್ಲಿ ಸಡಿಲವಾಗಿದೆ ಅಂತ ಗೊತ್ತಾಗುತ್ತದೆ.

ಯಾಕೆ ಈ ತಾಳ? ಅವರೇ ಕಾರಣ ಕೊಟ್ಟಿದ್ದಾರೆ. ಕೈಯೂ ಮನಸ್ಸೂ ಸಡಿಲವಾಗುತ್ತದೆ, ಹಳೆಯ ಅಭ್ಯಾಸದ ಜಾಡಿನಿಂದ ಮಗು ಹೊರಗೆ ಬರುತ್ತದೆ, ದಿಕ್ಕಾಪಾಲಾದ ಮಕ್ಕಳ ಹಿಂಡು ಕೂಡಿ ಕೆಲಸ ಮಾಡುವ ಗುಂಪಾಗುತ್ತದೆ. ಇದು ಇಟ್ಟೆನ್ ಬೆಳಗಿನ ಕ್ಲಾಸಿನಿಂದ ಬಂದಿದ್ದು ಅಂತ ನಿಮಗೆ ಆಗಲೇ ಹೊಳೆದಿರಬೇಕು. ಬೌಹೌಸ್‌ನ ದೊಡ್ಡ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಿದ್ದ ಪಾಠವನ್ನು ಫ್ರೀಡ್ಲ್ ಮಕ್ಕಳಿಗೆ ಅಂತ ನೀರು ಮಾಡಲಿಲ್ಲ. ನಮ್ಮಲ್ಲಿ ತಾಳಕ್ಕೇನು ಬರವೇ? ತಮಟೆ ಇದೆ, ಡೊಳ್ಳು ಇದೆ, ಕರಾವಳಿಯವರಿಗೆ ಚೆಂಡೆ ಇದೆ. ಒಂದು ದಿನ ಆರನೇ ಕ್ಲಾಸಿನಲ್ಲಿ ಬೆಂಚು ತಟ್ಟಿ ನೋಡಿ. ಪಕ್ಕದ ಕ್ಲಾಸಿನವರು ಜಗಳಕ್ಕೆ ಬಂದರೆ ನನ್ನ ಹೆಸರು ಹೇಳಿ.

ಬಣ್ಣ ಕಮ್ಮಿ, ಕಾಗದ ಅದಕ್ಕಿಂತ ಕಮ್ಮಿ. ಹಾಗಾಗಿ ಕಚೇರಿಯ ಫಾರಂಗಳು, ಪೊಟ್ಟಣ ಕಟ್ಟಿದ ಕಾಗದ, ಒಂದು ಕಡೆ ಬರೆದಾಗಿದ್ದ ಹಾಳೆ, ಏನು ಸಿಕ್ಕರೂ ಬಂತು. ಬಣ್ಣ ಇಲ್ಲದ ದಿನ ಕೊಲಾಜ್, ಅಂದರೆ ಕಾಗದದ ಚೂರು ಅಂಟಿಸಿ ಮಾಡುವ ಚಿತ್ರ. ಆ ಕೊಲಾಜ್‌ಗಳಲ್ಲಿ ಒಂದು ಬಗೆ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಹಿನ್ನೆಲೆಗೆ ಅಂಟಿಸಿರುವುದು ಅಚ್ಚು ಹಾಕಿದ ಫಾರಂ. ಕಾಲಂಗಳು, ಅಡ್ಡಗೆರೆಗಳು ಹಾಗೇ ಕಾಣುತ್ತವೆ. ಅದರ ಮೇಲೆ ಹರಿದು ಅಂಟಿಸಿದ ಗುಡ್ಡ, ಮರ, ಮನೆ. ಕತ್ತರಿ ಹಾಕಿಲ್ಲ, ಬೆರಳಿನಿಂದಲೇ ಹರಿದಿರುವುದರಿಂದ ಅಂಚಿನಲ್ಲಿ ಕಾಗದದ ಬಿಳಿ ನಾರು ಎದ್ದಿದೆ. ಆ ಬಿಳಿ ಅಂಚೇ ಗುಡ್ಡಕ್ಕೆ ಬೆಳಕಾಗಿದೆ. ಫಾರಂನ ಗೆರೆಗಳು ಒಂದು ಕಡೆ ಆಕಾಶ, ಇನ್ನೊಂದು ಕಡೆ ಉತ್ತ ಹೊಲ. ಇದನ್ನು ಮಾಡಿದ ಮಗುವಿಗೆ ಕತ್ತಲು-ಬೆಳಕು, ಒರಟು-ನಯ ಅಂದರೇನು ಅಂತ ಯಾರೋ ಕೂತು ಹೇಳಿಕೊಟ್ಟಿದ್ದಾರೆ. ಇದು ಪಾಪ ಮಗು ದುಃಖ ಮರೆಯಲು ಮಾಡಿದ ಕೆಲಸ ಅಂತ ಹೇಳಿ ಮುಂದೆ ಹೋದರೆ ಆ ಮಗುವಿಗೂ ಅನ್ಯಾಯ, ಟೀಚರಿಗೂ ಅನ್ಯಾಯ.

ಹಳೆಯ ದೊಡ್ಡ ಕಲಾವಿದರ ಚಿತ್ರಗಳ ಪ್ರತಿಗಳನ್ನೂ ತೋರಿಸುತ್ತಿದ್ದರು. ನಕಲು ಮಾಡಿಸಲಿಕ್ಕಲ್ಲ. ಆ ಚಿತ್ರದಲ್ಲಿ ತೂಕ ಎಲ್ಲಿದೆ, ಬೆಳಕು ಎಲ್ಲಿಂದ ಬಿದ್ದಿದೆ ಅಂತ ನೋಡಿ, ಅದನ್ನು ಹರಿದ ಕಾಗದದಲ್ಲಿ ಹೊಸದಾಗಿ ಕಟ್ಟಬೇಕು. ಕಿಟಕಿಯಾಚೆ ಕಾಣುವ ಗುಡ್ಡ, ಬಿಟ್ಟು ಬಂದ ಮನೆ, ಹಬ್ಬದ ಊಟದ ಮೇಜು, ಮಲಗುವ ಮಂಚ, ಎಲ್ಲವೂ ಆ ಚಿತ್ರಗಳಲ್ಲಿದೆ. ಜನ ಅಲ್ಲಿ ಬರೀ ಭಯವನ್ನು ಹುಡುಕುತ್ತಾರೆ. ಭಯ ಇಲ್ಲದೇ ಇಲ್ಲ. ಆದರೆ ಜಾಸ್ತಿ ಇರುವುದು ನೋಡುವ ಕೆಲಸ.

ಒಂದು ವಿಷಯದಲ್ಲಿ ಫ್ರೀಡ್ಲ್ ಹಟ ಹಿಡಿಯುತ್ತಿದ್ದರು. ಪ್ರತಿ ಚಿತ್ರದ ಮೇಲೂ ಮಗು ತನ್ನ ಹೆಸರು ಬರೆಯಬೇಕು. ಶಿಬಿರದಲ್ಲಿ ಎಲ್ಲರಿಗೂ ನಂಬರ್. ಫ್ರೀಡ್ಲ್ ಬಂದ ರೈಲಿನ ಪಟ್ಟಿಯಲ್ಲೂ ಅವರಿಗೊಂದು ನಂಬರ್ ಇತ್ತು. ಅವರ ಕ್ಲಾಸಿನಲ್ಲಿ ಮಾತ್ರ ಹೆಸರು. ಜೊತೆಗೆ ಎಷ್ಟೋ ಹಾಳೆಗಳಲ್ಲಿ ಯಾವ ಕೋಣೆ, ಯಾವ ಗುಂಪು ಅಂತಲೂ ಇದೆ. ಒಬ್ಬ ಶಿಸ್ತಿನ ಟೀಚರ್ ಮಾಡುವ ಕೆಲಸ ಅದು, ಯಾವ ಮಗು ಹೋದ ವಾರದಿಂದ ಈ ವಾರಕ್ಕೆ ಎಷ್ಟು ಮುಂದೆ ಬಂದಿದೆ ಅಂತ ನೋಡಲಿಕ್ಕೆ. ಮುಂದೆ ಆ ಹೆಸರುಗಳಿಗೆ ಬೇರೆಯೇ ಉಪಯೋಗ ಬಂತು. ಅದಕ್ಕೆ ಆಮೇಲೆ ಬರುತ್ತೇನೆ.

1943ರಲ್ಲಿ ಅವರು ಮಕ್ಕಳ ಚಿತ್ರಗಳ ಒಂದು ಪ್ರದರ್ಶನ ಮಾಡಿದರು, ಆ ಕೋಟೆಯ ಒಳಗೇ. ಅದೇ ವರ್ಷ ಅಲ್ಲಿದ್ದ ಶಿಕ್ಷಕರಿಗೆ ಮಕ್ಕಳ ಚಿತ್ರದ ಬಗ್ಗೆ ಒಂದು ಉಪನ್ಯಾಸ ಕೊಟ್ಟರು. ಯೋಚನೆ ಮಾಡಿ. ನಾವು ಇಲ್ಲಿ ಫ್ಯಾನ್ ಕೆಳಗೆ ಕೂತು ಮಾಡುತ್ತಿರುವ ಕೆಲಸವನ್ನೇ ಅವರು ಅಲ್ಲಿ ಮಾಡಿದರು. ಆ ಉಪನ್ಯಾಸದ ಬರಹ ಉಳಿದಿದೆ. ಅದನ್ನು ಓದುವಾಗ ಆಶ್ಚರ್ಯವಾಗುವುದು ಏನೆಂದರೆ, ಅದರಲ್ಲಿ ಅಳು ಇಲ್ಲ. ಪೂರ್ತಿ ಪಾಠದ ಮಾತು. ಅದರ ಸಾರವನ್ನು ನನ್ನ ಮಾತಲ್ಲಿ ಹೇಳುತ್ತೇನೆ.

ಡ್ರಾಯಿಂಗ್ ಕ್ಲಾಸ್ ಇರುವುದು ಎಲ್ಲ ಮಕ್ಕಳನ್ನೂ ಕಲಾವಿದರನ್ನಾಗಿ ಮಾಡಲಿಕ್ಕಲ್ಲ ಅಂತಾರೆ. ಮಗುವಿನೊಳಗೆ ತಾನೇ ಏನಾದರೂ ಮಾಡುವ, ತನ್ನ ಕಾಲ ಮೇಲೆ ನಿಲ್ಲುವ ಶಕ್ತಿ ಇದೆಯಲ್ಲ, ಅದನ್ನು ಬಿಚ್ಚಲಿಕ್ಕೆ. ಕಲ್ಪನೆ ಏಳಬೇಕು, ನೋಡುವ ಕಣ್ಣು ಗಟ್ಟಿಯಾಗಬೇಕು. ಹೀಗೆ ಬಿಡಿಸು, ಹಾಗೆ ಬಿಡಿಸು ಅಂತ ದಾರಿ ಹಾಕಿಕೊಟ್ಟರೆ ಮಗು ತನ್ನ ದಾರಿಯಿಂದ ತಪ್ಪುತ್ತದೆ. ಮಗುವಿಗೆ ಏನು ಶಕ್ತಿ ಇತ್ತು ಅಂತ ತಿಳಿಯುವ ಅವಕಾಶವನ್ನು ನಾವೂ ಕಳೆದುಕೊಳ್ಳುತ್ತೇವೆ. ಆಮೇಲೆ ಒಂದು ಪ್ರಶ್ನೆ ಕೇಳುತ್ತಾರೆ. ಮಕ್ಕಳನ್ನು ಆದಷ್ಟು ಬೇಗ ನಮ್ಮ ಹಾಗೆ ಮಾಡಿಬಿಡಬೇಕು ಅಂತ ದೊಡ್ಡವರಿಗೆ ಯಾಕಿಷ್ಟು ಅವಸರ? ನಾವೇನು ಅಷ್ಟು ಸುಖವಾಗಿ, ತೃಪ್ತಿಯಾಗಿ ಇದ್ದೇವಾ?

ಈ ಪ್ರಶ್ನೆಯನ್ನು 1943ರಲ್ಲಿ, ತೆರೆಜಿನ್‌ನಲ್ಲಿ ಕೂತು ಕೇಳಿದ್ದಾರೆ. ಅದರಲ್ಲೊಂದು ಸಣ್ಣ ನಗೆಯೂ ಇದೆ ಅಂತ ನನಗನ್ನಿಸುತ್ತದೆ.

ಅವರ ಶಿಷ್ಯೆಯರಲ್ಲಿ ಎರ್ನಾ ಫರ್ಮನ್ ಒಬ್ಬರು. ಹದಿಹರೆಯದಲ್ಲಿ ತೆರೆಜಿನ್‌ಗೆ ಬಂದವರು, ಬದುಕಿ ಉಳಿದರು. ಆಮೇಲೆ ಲಂಡನ್ನಿನಲ್ಲಿ ಅನ್ನಾ ಫ್ರಾಯ್ಡ್ ಹತ್ತಿರ ತರಬೇತಿ ಪಡೆದು, ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಮಕ್ಕಳ ಮನೋವಿಶ್ಲೇಷಕಿಯಾಗಿ ಹೆಸರು ಮಾಡಿದರು. ಫ್ರೀಡ್ಲ್ ಜೊತೆ ಚಿತ್ರ ಬಿಡಿಸಿದ ಹೊತ್ತು ತನ್ನ ಬದುಕಿನ ಅತ್ಯಂತ ಪ್ರೀತಿಯ ನೆನಪುಗಳಲ್ಲಿ ಒಂದು ಅಂತ ಅವರು ಬರೆದಿದ್ದಾರೆ. ಅದು ತೆರೆಜಿನ್ ಆಗಿದ್ದರಿಂದ ಇನ್ನಷ್ಟು ಮನಸ್ಸಿಗೆ ತಟ್ಟಿತು ನಿಜ, ಆದರೆ ಜಗತ್ತಿನ ಯಾವ ಮೂಲೆಯಲ್ಲಿ ಅವರಿಂದ ಕಲಿತಿದ್ದರೂ ಅದು ಹಾಗೇ ಇರುತ್ತಿತ್ತು ಅನ್ನುತ್ತಾರೆ. ಮರಳಿ ಏನನ್ನೂ ಕೇಳದೆ ಕಲಿಸಿದವರು ಅವರೊಬ್ಬರೇ ಅಂತಲೂ ಹೇಳುತ್ತಾರೆ. ನಾನು ಶುರುವಿನಲ್ಲಿ ತಕರಾರು ತೆಗೆದೆನಲ್ಲ, ಅದಕ್ಕೆ ಈ ಶಿಷ್ಯೆಯ ಮಾತೇ ಬಲ.

1944ರ ಸೆಪ್ಟೆಂಬರ್ 28ರಂದು ಪಾವೆಲ್ ಅವರನ್ನು ಪೂರ್ವಕ್ಕೆ ಕಳಿಸಿದರು. ಫ್ರೀಡ್ಲ್ ತಾವೂ ಅವರ ಹಿಂದೆ ಹೋಗುತ್ತೇನೆ ಅಂತ ಹೆಸರು ಕೊಟ್ಟರು. ಅಕ್ಟೋಬರ್ 6ರ ರೈಲಿನಲ್ಲಿ ಹೋದರು. ಅದೇ ರೈಲಿನಲ್ಲಿ ಅವರ ಶಿಷ್ಯರೂ ಇದ್ದರು. ಅಕ್ಟೋಬರ್ 9, ಬಿರ್ಕೆನೌ. ಪಾವೆಲ್ ಬದುಕಿ ಉಳಿದರು. ಇದರ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ.

ಹೋಗುವ ಮುಂಚೆ ಮಕ್ಕಳ ಚಿತ್ರಗಳನ್ನೆಲ್ಲ ಎರಡು ಸೂಟ್‌ಕೇಸಿಗೆ ತುಂಬಿ ಅಡಗಿಸಿಟ್ಟಿದ್ದರು. ಸುಮಾರು 4,500 ಹಾಳೆ. ಯುದ್ಧ ಮುಗಿದ ಮೇಲೆ, 1945ರ ಆಗಸ್ಟ್ ಕೊನೆಯಲ್ಲಿ, ಹೆಣ್ಣುಮಕ್ಕಳ ಮನೆ ನೋಡಿಕೊಳ್ಳುತ್ತಿದ್ದ ವಿಲ್ಲಿ ಗ್ರೋಗ್ ಅವುಗಳನ್ನು ಪ್ರಾಗ್‌ನ ಯಹೂದಿ ಸಮುದಾಯದ ಕಚೇರಿಗೆ ತಂದು ಒಪ್ಪಿಸಿದರು. ಆಗ ಉಪಯೋಗಕ್ಕೆ ಬಂದಿದ್ದು ಆ ಹೆಸರುಗಳು. ಹಾಳೆಯ ಮೇಲಿನ ಹೆಸರನ್ನು ರೈಲಿನ ಪಟ್ಟಿಗಳ ಜೊತೆ ಹೊಂದಿಸಿ, ಈ ಚಿತ್ರ ಬಿಡಿಸಿದ ಮಗು ಯಾರು, ಎಂದು ಹುಟ್ಟಿತು, ಏನಾಯಿತು ಅಂತ ಪತ್ತೆ ಮಾಡಲು ಆಯಿತು. ಸುಮಾರು 660 ಮಕ್ಕಳ ಹೆಸರು ಸಿಕ್ಕಿತು. ಅವರಲ್ಲಿ ಸುಮಾರು 550 ಮಕ್ಕಳು ಉಳಿಯಲಿಲ್ಲ. ಕೊಂದವರು ಪಟ್ಟಿಯಲ್ಲಿ ನಂಬರ್ ಬರೆದಿದ್ದರು, ಡ್ರಾಯಿಂಗ್ ಟೀಚರ್ ಹೆಸರು ಬರೆಸಿದ್ದರು.

ಈಗ ಈಡಿತ್ ಕ್ರಾಮರ್ ವಿಷಯ. ನೆನಪಿಟ್ಟುಕೊಳ್ಳಿ ಅಂದಿದ್ದೆ.

ಈಡಿತ್ 1938ರಲ್ಲಿ ನ್ಯೂಯಾರ್ಕ್ ಸೇರಿಕೊಂಡರು. 1950ರಿಂದ ಕೆಲವು ವರ್ಷ ವಿಲ್ಟ್‌ವಿಕ್ ಅನ್ನುವ ಶಾಲೆಯಲ್ಲಿ ಕೆಲಸ ಮಾಡಿದರು. ಮನೆಯಲ್ಲೂ ಬೀದಿಯಲ್ಲೂ ಏಟು ತಿಂದು, ಪೊಲೀಸರ ಕೈಗೂ ಸಿಕ್ಕಿ ಬಂದ ಹುಡುಗರ ಶಾಲೆ ಅದು. ಆ ಹುಡುಗರಿಗೆ ಚಿತ್ರ ಕಲಿಸಿದರು. ಆಮೇಲೆ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಆರ್ಟ್ ಥೆರಪಿ, ಅಂದರೆ ಚಿತ್ರ ಮಾಡಿಸುತ್ತಾ ಮನಸ್ಸಿಗೆ ಕೊಡುವ ಚಿಕಿತ್ಸೆ, ಅದರ ವಿಭಾಗ ಕಟ್ಟಿದವರಲ್ಲಿ ಅವರು ಮುಖ್ಯರು. 2014ರಲ್ಲಿ, 97ನೇ ವಯಸ್ಸಿನಲ್ಲಿ, ಆಸ್ಟ್ರಿಯಾದಲ್ಲಿ ತೀರಿಕೊಂಡರು. ಇವತ್ತು ಬೆಂಗಳೂರಿನಲ್ಲೂ ಆರ್ಟ್ ಥೆರಪಿ ಅನ್ನುವ ಬೋರ್ಡು ಕಾಣುತ್ತದೆ. ಆ ವಿದ್ಯೆಯ ಬೇರಿನಲ್ಲಿ ಪ್ರಾಗ್‌ನ ಆ ನಿರಾಶ್ರಿತ ಮಕ್ಕಳ ಕ್ಲಾಸ್ ಇದೆ. ಊರು ಕಳೆದುಕೊಂಡ ಮಗು ಕಾಗದದ ಮೇಲೆ ಏನು ಮಾಡುತ್ತದೆ, ಹೇಗೆ ಒಂದೇ ಗೆರೆಯನ್ನು ಮತ್ತೆ ಮತ್ತೆ ತಿದ್ದಿ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಹೇಗೆ ಹೊರಗೆ ಬರುತ್ತದೆ ಅಂತ ಈಡಿತ್ ಮೊದಲು ನೋಡಿದ್ದು ಅಲ್ಲಿ, ಫ್ರೀಡ್ಲ್ ಪಕ್ಕದಲ್ಲಿ ನಿಂತು.

ಈಡಿತ್ ಹೇಳುತ್ತಿದ್ದ ಒಂದು ವಿಚಾರಕ್ಕೆ 'ಮೂರನೇ ಕೈ' ಅಂತ ಹೆಸರು. ಮಗುವಿಗೆ ಎರಡು ಕೈ ಇದೆ. ಟೀಚರ್ ಮೂರನೇ ಕೈ ಆಗಬೇಕು. ಬಣ್ಣ ತೆಳುವಾಗಿ ಹರಿಯುತ್ತಿದ್ದರೆ ಗಟ್ಟಿ ಮಾಡಿಕೊಡುವುದು, ಮಣ್ಣಿನ ಗೊಂಬೆಯ ಕಾಲು ಬೀಳುತ್ತಿದ್ದರೆ ಹಿಡಿದುಕೊಳ್ಳುವುದು. ಆದರೆ ಆ ಕೈ ಮಗುವಿನ ಚಿತ್ರದೊಳಗೆ ತನ್ನ ಶೈಲಿಯನ್ನು ತುರುಕಬಾರದು. ಥೆರಪಿ ಅಂದರೆ ಚಿತ್ರ ಹೇಗಿದ್ದರೂ ನಡೆಯುತ್ತದೆ, ಮಗು ಮಾತಾಡಿದರೆ ಸಾಕು ಅನ್ನುವವರ ಜೊತೆ ಅವರು ಕೊನೆಯವರೆಗೂ ವಾದ ಮಾಡಿದರು. ಚಿತ್ರ ಚೆನ್ನಾಗಿ ಬರಬೇಕು, ಮಗುವಿಗೆ ವಾಸಿಯಾಗುವುದೇ ಆ ಚೆನ್ನಾಗಿ ಮಾಡುವುದರಿಂದ ಅಂತ ಅವರ ನಿಲುವು. ಇದರಲ್ಲಿ ನನಗೆ ಫ್ರೀಡ್ಲ್ ದನಿಯೇ ಕೇಳುತ್ತದೆ.

ಫ್ರೀಡ್ಲ್ ಅವರ ಸ್ವಂತ ಚಿತ್ರಗಳು, ವಿನ್ಯಾಸಗಳು ಬಹಳ ಕಾಲ ಮರೆತೇಹೋಗಿದ್ದವು. ಎಲೆನಾ ಮಕರೋವಾ ಅನ್ನುವ ಲೇಖಕಿ ವರ್ಷಗಟ್ಟಲೆ ಹುಡುಕಿ, ಬದುಕಿದ್ದ ಶಿಷ್ಯರನ್ನು ಮಾತಾಡಿಸಿ, ದೊಡ್ಡ ಪ್ರದರ್ಶನ ಕಟ್ಟಿದ ಮೇಲೆ ಜನ ತಿರುಗಿ ನೋಡಿದರು. 2022ರಲ್ಲಿ ಆಸ್ಟ್ರಿಯಾದ ಲಿಂಜ್ ಮತ್ತು ವಿಯೆನ್ನಾದಲ್ಲಿ ಅವರ ಕೆಲಸದ ಪ್ರದರ್ಶನಗಳು ನಡೆದವು. ಅವರನ್ನು ಕಲಾವಿದೆಯಾಗಿ ನೋಡುವುದು ಈಗ ಶುರುವಾಗಿದೆ. ಒಳ್ಳೆಯದೇ.

ನಮ್ಮ ಶಾಲೆಗಳ ವಿಷಯಕ್ಕೆ ಎರಡು ಮಾತು. ಡ್ರಾಯಿಂಗ್ ಪೀರಿಯಡ್ ಅಂದರೆ ಸಿಲಬಸ್ ಮುಗಿಯದ ಗಣಿತದ ಮೇಷ್ಟ್ರಿಗೆ ದಾನ ಕೊಡುವ ಪೀರಿಯಡ್ ಅಂತ ನಮಗೆಲ್ಲ ಗೊತ್ತು. ಎಷ್ಟೋ ಶಾಲೆಗಳಲ್ಲಿ ಡ್ರಾಯಿಂಗ್ ಟೀಚರೇ ಇಲ್ಲ. ಇರುವ ಕಡೆ ಅವರಿಗೆ ವಾರ್ಷಿಕೋತ್ಸವದ ಸ್ಟೇಜು, ಗಣರಾಜ್ಯೋತ್ಸವದ ರಂಗೋಲಿ, ನೋಟಿಸ್ ಬೋರ್ಡಿನ ಅಕ್ಷರ. ಮಕ್ಕಳಿಗೆ ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಗುಡಿಸಲು, ಪಕ್ಕಕ್ಕೊಂದು ತೆಂಗಿನ ಮರ. ಮಲೆನಾಡಿನ ಮಗುವೂ ಅದನ್ನೇ ಬಿಡಿಸುತ್ತದೆ, ಬೆಟ್ಟವೇ ಕಾಣದ ಬಯಲುಸೀಮೆಯ ಮಗುವೂ ಅದನ್ನೇ ಬಿಡಿಸುತ್ತದೆ. ಇದಕ್ಕೆ ಸೌಲಭ್ಯ ಇಲ್ಲ ಅನ್ನುವುದೊಂದೇ ಕಾರಣ ಅಂತ ಇಷ್ಟೆಲ್ಲ ಕೇಳಿದ ಮೇಲೆ ಹೇಳುವುದು ನನಗಂತೂ ಕಷ್ಟ. ಹಳೆ ಪ್ರಶ್ನೆಪತ್ರಿಕೆ, ಮದುವೆ ಕರೆಯೋಲೆ, ದಿನಸಿ ಅಂಗಡಿಯ ಕಾಗದದ ಚೀಲ ಎಲ್ಲ ಕಡೆ ಸಿಗುತ್ತದೆ. ಹರಿಯಲಿಕ್ಕೆ ಬೆರಳು ಸಾಕು.

ಇನ್ನು ಕೊನೆಗೆ ಬಂದ ಪ್ರಶ್ನೆಗಳು.

ಒಬ್ಬರು ಕೇಳಿದರು: ಆ ಚಿತ್ರಗಳನ್ನು ಎಲ್ಲಿ ನೋಡಬಹುದು? ಪ್ರಾಗ್‌ನ ಯಹೂದಿ ಮ್ಯೂಸಿಯಂನಲ್ಲಿವೆ. ಅದಕ್ಕೆ ಸೇರಿದ ಪಿಂಕಾಸ್ ಅನ್ನುವ ಹಳೆಯ ಪ್ರಾರ್ಥನಾ ಮಂದಿರದಲ್ಲಿ ಕೆಲವನ್ನು ಪ್ರದರ್ಶನಕ್ಕೆ ಇಟ್ಟಿದ್ದಾರೆ. ಕೆಳಗಿನ ಗೋಡೆಗಳ ತುಂಬ ಸತ್ತವರ ಹೆಸರು ಬರೆದಿದೆ, ಮಹಡಿಯಲ್ಲಿ ಮಕ್ಕಳ ಚಿತ್ರಗಳಿವೆ. ನಿಮ್ಮ ಪರಿಚಯದವರು ಯಾರಾದರೂ ಆ ಕಡೆ ಪ್ರವಾಸ ಹೊರಟರೆ ಸೇತುವೆ, ಗಡಿಯಾರದ ಜೊತೆ ಇದನ್ನೂ ನೋಡಿ ಬನ್ನಿ ಅಂತ ಹೇಳಿ.

ಒಬ್ಬರು ಮೇಡಂ ಕೇಳಿದರು: 'ನಮ್ಮ ಕ್ಲಾಸಲ್ಲಿ ಅರವತ್ತು ಮಕ್ಕಳಿದ್ದಾರೆ ಸರ್. ಒಬ್ಬೊಬ್ಬರ ದಾರಿ ಒಂದೊಂದು ಅಂತ ಬಿಟ್ಟರೆ ಸಂತೆಯಾಗುತ್ತದೆ. ಏನು ಮಾಡೋದು?' ನಿಜವಾದ ಕಷ್ಟ. ಫ್ರೀಡ್ಲ್ ಪೂರ್ತಿ ಬಿಟ್ಟುಬಿಡುತ್ತಿರಲಿಲ್ಲ ಅನ್ನುವುದನ್ನು ಗಮನಿಸಿ. ತಾಳ ಎಲ್ಲರಿಗೂ ಒಂದೇ, ವಿಷಯ ಎಲ್ಲರಿಗೂ ಒಂದೇ, ಸಾಮಾನು ಹಂಚಿಕೊಂಡೇ ಬಳಸಬೇಕು. ಹಾಳೆಯ ಮೇಲೆ ಏನು ಬರುತ್ತದೆ ಅನ್ನುವುದು ಮಾತ್ರ ಮಗುವಿನದ್ದು. ಅರವತ್ತು ಮಕ್ಕಳಿಗೂ ಒಂದೇ ನಿಂಬೆಹಣ್ಣು ಇಡಿ ಮೇಡಂ, ಅರವತ್ತು ಬಗೆ ಬರುತ್ತದೆ.

ಕೊನೆಯ ಪ್ರಶ್ನೆ ಮಾರ್ಕ್ಸಿನದು. ಅದು ಬರದೆ ನಮ್ಮ ಸಭೆ ಮುಗಿಯುತ್ತದೆಯೇ? 'ಇದಕ್ಕೆಲ್ಲ ಮಾರ್ಕ್ಸ್ ಹೇಗೆ ಕೊಡೋದು?' ಇಲಾಖೆ ಕೇಳುತ್ತದೆ, ಕೊಡಲೇಬೇಕು, ಕೊಡಿ. ಚಿತ್ರದ ಮೇಲೆ ಕೆಂಪು ಇಂಕಿನಲ್ಲಿ ಬರೆಯಬೇಡಿ. ರಿಜಿಸ್ಟರ್ ಇದೆಯಲ್ಲ, ಅದರಲ್ಲಿ ಬರೆದುಕೊಳ್ಳಿ. ಹಾಳೆಯ ಮೇಲೆ ಮಗುವಿನ ಹೆಸರು ಇರಲಿ, ಮಗುವೇ ಬರೆಯಲಿ, ತಾರೀಖು ಹಾಕಿಸಿ. ಮುಂದಿನ ತಿಂಗಳ ಹಾಳೆ ಬಂದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ನಿಮಗೇ ಅನುಕೂಲ.